ಮಾರಾಟಕ್ಕಿರುವ ಮನೆಯನ್ನು ನೋಡಲು ಹೋದಾಗ ಕೊಳ್ಳುವವರು ಹೇಗೆ ನಡೆದುಕೊಳ್ಳಬೇಕು?

ಮನೆಮಗಳು, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿರುವ ನಮ್ಮ ತಂದೆತಾಯಿಯ ಮನೆಯನ್ನು ಮಾರುವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ. ಮೂವತ್ತು–ನಲವತ್ತರ ಸೈಟಿನಲ್ಲಿ 1980ರ ದಶಕದಲ್ಲಿ ಕಟ್ಟಿಸಿದ ಮನೆ. ಕೆಳಗೆ ಅಪ್ಪ ಅಮ್ಮ ಇದ್ದಾರೆ, ಮಹಡಿಯಲ್ಲಿ ಬಾಡಿಗೆಗೆ ಒಂದು ಸಂಸಾರವಿದೆ. ಕಾಗದಪತ್ರಗಳು ಸರಿಯಾಗಿವೆ, ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತಾ ಆಗಿದೆ, ಬೆಲೆಯ ವಿಷಯದಲ್ಲೂ ನಮ್ಮಲ್ಲಿ ಗೊಂದಲವಿಲ್ಲ. ನಾನು ಕೇಳಬೇಕೆಂದಿರುವುದು ಮನೆ ನೋಡಲು ಬರುವವರ ನಡವಳಿಕೆಯ ಬಗ್ಗೆ.

ಬರುವವರಲ್ಲಿ ಹೆಚ್ಚಿನವರು ಸಭ್ಯರೇ. ಆದರೂ ಕೆಲವು ಸಂಗತಿಗಳು ಮತ್ತೆ ಮತ್ತೆ ನಡೆಯುತ್ತಿವೆ. ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇವೆಂದವರು ಅಪ್ಪ ಊಟಕ್ಕೆ ಕುಳಿತ ಮೇಲೆ ಬಾಗಿಲು ತಟ್ಟುತ್ತಾರೆ. ಗಂಡ ಹೆಂಡತಿ ಇಬ್ಬರೇ ಎಂದು ಹೇಳಿ, ಮಾವ, ಷಡ್ಡಕ, ಮಕ್ಕಳು, ಸ್ನೇಹಿತರನ್ನೆಲ್ಲ ಕರೆದುಕೊಂಡು ಬರುತ್ತಾರೆ. ಒಬ್ಬೊಬ್ಬರು ಒಂದೊಂದು ಕೋಣೆಗೆ ನುಗ್ಗುವಾಗ ಎಪ್ಪತ್ತು ದಾಟಿದ ಇಬ್ಬರು ಯಾರ ಹಿಂದೆ ಹೋಗಬೇಕು? ಮಲಗುವ ಕೋಣೆಯ ಬೀರುವನ್ನು ಕೇಳದೆಯೇ ತೆರೆಯುತ್ತಾರೆ. ಮೊನ್ನೆ ಬಂದ ಒಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಮ್ಮ ಒಲೆಯ ಮುಂದೆ ಹುಳಿ ಕುದಿಸುತ್ತಿರುವಾಗಲೇ, ‘ಇದನ್ನೆಲ್ಲ ಒಡೆದು ಹಾಕಿದರೆ ಎರಡು ಕಾರಿಗೆ ಜಾಗವಾಗುತ್ತದೆ’ ಎಂದು ಫೋನಿನಲ್ಲಿ ಯಾರಿಗೋ ವಿವರಿಸುತ್ತಿದ್ದರು. ಅಮ್ಮ ಏನೂ ಅನ್ನಲಿಲ್ಲ, ಒಲೆ ಆರಿಸಿ ಹಿತ್ತಲಿಗೆ ಹೋದರು. ಇನ್ನು ಮುಂದೆ ಯಾರಿಗೂ ಮನೆ ತೋರಿಸುವುದಿಲ್ಲವೆಂದು ಈಗ ಹಟ ಹಿಡಿದಿದ್ದಾರೆ.

ಕೊಳ್ಳುವವರು ತಮ್ಮ ಜೀವಮಾನದ ದುಡಿಮೆಯನ್ನು ಹಾಕುತ್ತಾರೆ, ಆದ್ದರಿಂದ ಅವರು ಮನೆಯನ್ನು ಕೂಲಂಕಷವಾಗಿ ನೋಡಬೇಕು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಆ ಪರಿಶೀಲನೆಯನ್ನು ಮನೆಯಲ್ಲಿ ಬದುಕುತ್ತಿರುವವರಿಗೆ ನೋವಾಗದ ಹಾಗೆ ಮಾಡುವ ಬಗೆ ಯಾವುದು? ಮಾರಿದವರು, ಕೊಂಡವರು, ಬಾಡಿಗೆಯಲ್ಲಿರುವವರು, ಮಧ್ಯವರ್ತಿಗಳು, ಎಲ್ಲರೂ ತಮ್ಮ ಅನುಭವದಿಂದ ಬರೆದರೆ ಉಪಕಾರವಾಗುತ್ತದೆ.

ಹುಬ್ಬಳ್ಳಿ ಮೂಲದ ಖರೀದಿದಾರ

ನಿಮ್ಮ ತಾಯಿಯವರ ಬೇಸರ ಅರ್ಥವಾಗುತ್ತದೆ ಮೇಡಂ. ಕಳೆದ ವರ್ಷ ಬೆಂಗಳೂರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡವನಾಗಿ ಕೊಳ್ಳುವವರ ಪರವಾಗಿ ನಾಲ್ಕು ಮಾತು ಹೇಳಬೇಕು. ಒಂದು ಕೋಟಿ ರೂಪಾಯಿಯ ಮನೆ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2ಕ್ಕೆ ಏರಿದ ನೋಂದಣಿ ಶುಲ್ಕ, ಇವೆಲ್ಲ ಸೇರಿ ಏಳು ಲಕ್ಷಕ್ಕೂ ಮೀರಿದ ಹಣ ಸರ್ಕಾರಕ್ಕೇ ಹೋಗುತ್ತದೆ. ಇಪ್ಪತ್ತು ವರ್ಷದ ಸಾಲ ಬೇರೆ. ಇಷ್ಟೆಲ್ಲ ಹೊರುವವನು ಸ್ನಾನದ ಮನೆಯ ಬಾಗಿಲು ತೆಗೆದು ನೋಡಲು ಸಂಕೋಚಪಟ್ಟರೆ ಆ ಸಂಕೋಚದ ಬೆಲೆಯನ್ನು ಅವನೇ ತೆರಬೇಕಾಗುತ್ತದೆ. ನಾನು ನೋಡಿದ ಮನೆಗಳಲ್ಲಿ ಒಂದರಲ್ಲಿ ಗೋಡೆಯ ಒಂದು ಭಾಗಕ್ಕೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರು. ಇನ್ನೊಂದರಲ್ಲಿ ತೇವ ಹಿಡಿದ ಮೂಲೆಗೆ ದೊಡ್ಡ ಕಪಾಟನ್ನು ಒತ್ತಿ ಇಟ್ಟಿದ್ದರು. ಮಾಲೀಕರೆಲ್ಲ ನಿಮ್ಮಂತೆ ನೇರ ಇರುವುದಿಲ್ಲ.

ಆದರೆ ನೋಡಲು ಹೋಗುವ ಮೊದಲೇ ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸವನ್ನು ಕೊಳ್ಳುವವರು ಮಾಡಿ ಮುಗಿಸಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆಸ್ತಿಯ ವಿವರ ಸಿಕ್ಕಿದರೆ, ಅದರ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವ ಪತ್ರವನ್ನು, ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿಯೇ ತೆಗೆಸಬಹುದು. ಖಾತೆ ಯಾವುದು, ರಸ್ತೆ ಎಷ್ಟು ಅಡಿ, ಬಾಗಿಲು ಯಾವ ದಿಕ್ಕಿಗೆ, ಕಾವೇರಿ ನೀರಿನ ಸಂಪರ್ಕ ಇದೆಯೇ ಅಥವಾ ಬೋರ್‌ವೆಲ್ ಮಾತ್ರವೇ, ಕಾರು ಒಳಗೆ ನಿಲ್ಲುತ್ತದೆಯೇ ಎಂಬುದನ್ನೆಲ್ಲ ಫೋನಿನಲ್ಲಿ ಕೇಳಿದರೆ ಸಾಕು. ದಕ್ಷಿಣ ಬಾಗಿಲಿನ ಮನೆ ಬೇಡವೇ ಬೇಡ ಎನ್ನುವವರು ಅದನ್ನು ಬಾಗಿಲ ಮುಂದೆ ನಿಂತು ಕಂಡುಕೊಳ್ಳುವ ಅಗತ್ಯವಿಲ್ಲ. ಹೀಗೆ ಸೋಸಿದ ಮೇಲೆ ಉಳಿಯುವ ಮನೆಗಳಿಗೆ ಮಾತ್ರ ಹೋದರೆ ಇಬ್ಬರ ಹೊತ್ತೂ ಉಳಿಯುತ್ತದೆ. ಮೊದಲ ಸಲ ಇಬ್ಬರೇ ಹೋಗಿ, ಬೆಳಕು, ಗಾಳಿ, ಕೋಣೆಗಳ ಅಳತೆ, ಸುತ್ತಮುತ್ತಲನ್ನು ನೋಡಿ ಹೊರಡಬೇಕು. ಮನಸ್ಸಿಗೆ ಬಂದರೆ ಎರಡನೆಯ ಸಲ ಎಂಜಿನಿಯರನ್ನು ಕರೆದುಕೊಂಡು, ಮೊದಲೇ ಹೇಳಿ, ಸಮಯ ಇಟ್ಟುಕೊಂಡು ಹೋಗಬೇಕು. ಹಿರಿಯರಿಗೆ ತೋರಿಸುವುದು ಅದಾದ ಮೇಲೆ.

ಸಿವಿಲ್ ಎಂಜಿನಿಯರ್, ಮೈಸೂರು

ಹಳೆಯ ಮನೆಗಳನ್ನು ಕೊಳ್ಳುವವರ ಪರವಾಗಿ ಪರಿಶೀಲಿಸಿ ವರದಿ ಕೊಡುವುದು ನನ್ನ ಕೆಲಸದ ಒಂದು ಭಾಗ. ಕಟ್ಟುನಿಟ್ಟಾಗಿ ನೋಡುವುದಕ್ಕೂ ಮರ್ಯಾದೆಯಿಂದ ನಡೆದುಕೊಳ್ಳುವುದಕ್ಕೂ ವಿರೋಧವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳಿ ಮಾಡಿದ ಪರಿಶೀಲನೆಯೇ ಹೆಚ್ಚು ಪೂರ್ತಿಯಾಗಿರುತ್ತದೆ, ಏಕೆಂದರೆ ಆಗ ಮನೆಯವರೇ ಮುಂದೆ ಬಂದು ತೋರಿಸುತ್ತಾರೆ.

ಬರಿಯ ಕಣ್ಣಿಗೆ ಕಾಣುವುದು ಬಹಳಷ್ಟಿದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ನೆಲದಿಂದ ಎರಡು ಮೂರು ಅಡಿಯವರೆಗೆ ಉಬ್ಬಿ ಉದುರುತ್ತಿರುವ ಗಾರೆ, ಗೋಡೆಯ ಮೇಲೆ ಬಿಳಿಯ ಪುಡಿಯಂತೆ ಹೊರಬಂದಿರುವ ಉಪ್ಪು, ತಾರಸಿಯ ಕೆಳಭಾಗದಲ್ಲಿ ಕಂದು ಬಣ್ಣದ ಕಲೆ, ಇವಕ್ಕೆ ಯಾವುದನ್ನೂ ಮುಟ್ಟಬೇಕಾಗಿಲ್ಲ. ಮುಟ್ಟಿ ನೋಡಬೇಕಾದವುಗಳಿಗೆ ಅನುಮತಿ ಕೇಳಬೇಕು. ‘ಅಮ್ಮಾ, ಈ ಕಪಾಟಿನ ಹಿಂದಿನ ಗೋಡೆಯನ್ನು ಟಾರ್ಚ್ ಹಾಕಿ ನೋಡಬಹುದೇ? ಸ್ವಲ್ಪ ಜರುಗಿಸಬೇಕಾಗುತ್ತದೆ, ನಾವೇ ಮತ್ತೆ ಸರಿಯಾಗಿ ಇಡುತ್ತೇವೆ’ ಎಂದರೆ ಒಪ್ಪದವರು ಅಪರೂಪ. ಒಪ್ಪದಿದ್ದರೆ ಅದನ್ನೂ ನಾನು ವರದಿಯಲ್ಲಿ ಬರೆಯುತ್ತೇನೆ, ಜಗಳ ಮಾಡುವುದಿಲ್ಲ. ಗೋಡೆಯೊಳಗೇ ಕಟ್ಟಿದ ಬೀರು ಮನೆಯ ಜೊತೆಗೆ ಬರುವಂಥದ್ದು, ಅದರ ಒಳಗನ್ನು ನೋಡಲು ಕೇಳುವುದು ನ್ಯಾಯವೇ. ಆದರೆ ಬಾಗಿಲನ್ನು ಮನೆಯವರು ತೆರೆಯಬೇಕು. ಸ್ಟೀಲಿನ ಅಲ್ಮೇರ, ಮಂಚದ ಕೆಳಗಿನ ಪೆಟ್ಟಿಗೆ, ಫ್ರಿಜ್, ಇವು ಮಾರಾಟಕ್ಕೆ ಸೇರಿದವಲ್ಲ, ಅವುಗಳ ತಂಟೆ ನಮಗೆ ಬೇಡ.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಒತ್ತಡ ಹೇಗಿದೆ, ಬಚ್ಚಲಿನಲ್ಲಿ ನೀರು ಇಳಿದು ಹೋಗಲು ಎಷ್ಟು ಹೊತ್ತು ಬೇಕು, ಕೊಳವೆಯ ಸಂದಿಯಲ್ಲಿ ಸೋರುತ್ತಿದೆಯೇ ಎಂದು ತಿಳಿಯಲು ನಲ್ಲಿ ಬಿಡಲೇಬೇಕು. ಆದರೆ ಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ಮಾತಿಗೆ ನಿಲ್ಲುವವರನ್ನು ನಾನು ಕಂಡಿದ್ದೇನೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಿದ್ದನ್ನು ನೆನೆದರೆ, ಟ್ಯಾಂಕರ್ ನೀರನ್ನು ದುಡ್ಡು ಕೊಟ್ಟು ತರಿಸಿದ ಮನೆಯವರಿಗೆ ಅದನ್ನು ನೋಡಿ ಏನನ್ನಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿದರೆ ಒತ್ತಡ ಗೊತ್ತಾಗುತ್ತದೆ, ಆ ನೀರು ಮನೆಯವರ ಬಳಕೆಗೂ ಆಗುತ್ತದೆ. ನಂತರ ಅದೇ ನೀರನ್ನು ಕೇಳಿ ಸ್ನಾನದ ಮನೆಯ ನೆಲಕ್ಕೆ ಸುರಿದರೆ ಇಳಿಜಾರು ಸರಿಯಿದೆಯೇ ಎಂಬುದೂ ತಿಳಿಯುತ್ತದೆ; ಸುರಿದ ಮೇಲೆ ಒರೆಸಿ ಬರಬೇಕು. ಸಂಪಿನ ಮುಚ್ಚಳವನ್ನು ತೆಗೆದರೆ ಹೊರಡುವ ಮೊದಲು ಮುಚ್ಚಿದ್ದೇವೆಯೇ ಎಂದು ಎರಡು ಸಲ ನೋಡಬೇಕು. ಮಕ್ಕಳಿರುವ ಮನೆಯಲ್ಲಿ ತೆರೆದ ಸಂಪು ಪ್ರಾಣಕ್ಕೇ ಅಪಾಯ.

ಕೊನೆಯದಾಗಿ, ಕಂಡ ದೋಷವನ್ನು ಅಲ್ಲಿಯೇ ಗಟ್ಟಿಯಾಗಿ ಕೂಗಿ ಹೇಳಬಾರದು. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ಕೂಡಲೇ ‘ಪಾಯ ಕೂತಿದೆ’ ಎಂದು ತೀರ್ಪು ಕೊಡುವ ಬಂಧುಗಳಿರುತ್ತಾರೆ. ಬಹಳ ಸಲ ಅದು ಗಾರೆ ಒಣಗುವಾಗ ಬಿಟ್ಟ ಬಿರುಕು ಅಷ್ಟೆ. ಬರೆದುಕೊಂಡು ಬನ್ನಿ, ಹೊರಗೆ ಬಂದು ಮಾತನಾಡಿ.

ಬಾಡಿಗೆದಾರ, ರಾಜಾಜಿನಗರ

ಇಲ್ಲಿಯವರೆಗೆ ಮಾಲೀಕರ ಮತ್ತು ಕೊಳ್ಳುವವರ ಮಾತೇ ಬಂದಿದೆ. ಮಾರಾಟವಾಗುತ್ತಿರುವ ಮನೆಯಲ್ಲಿ ಬಾಡಿಗೆಗೆ ಇರುವವರ ಪಾಡನ್ನೂ ದಯವಿಟ್ಟು ಗಮನಿಸಿ. ಮನೆ ಮಾರಿದರೆ ಮಾಲೀಕರಿಗೆ ಹಣ ಬರುತ್ತದೆ, ಕೊಂಡವರಿಗೆ ಮನೆ ಸಿಗುತ್ತದೆ. ನಮಗೆ ಉಳಿಯುವುದು ಹೊಸ ಮನೆ ಹುಡುಕುವ ಚಿಂತೆ, ಮಕ್ಕಳ ಶಾಲೆಯ ಚಿಂತೆ. ಅಂಥ ಮನೆಗೆ ಮಧ್ಯವರ್ತಿಯೊಬ್ಬರು ಕೆಳಗೆ ನಿಂತು ಫೋನ್ ಮಾಡಿ, ‘ಐದೇ ನಿಮಿಷ ಸರ್, ಪಾರ್ಟಿ ಬಂದುಬಿಟ್ಟಿದ್ದಾರೆ’ ಎನ್ನುತ್ತಾರೆ. ಮಗಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ಕೋಣೆಗೆ, ಚಪ್ಪಲಿಯನ್ನೂ ಬಿಡದೆ, ಅಪರಿಚಿತರು ಬಂದು ವಿಡಿಯೊ ಮಾಡಿಕೊಂಡಿದ್ದಾರೆ. ಅವಳ ಪುಸ್ತಕ, ಹಾಸಿಗೆ, ಗೋಡೆಗೆ ಅಂಟಿಸಿದ ವೇಳಾಪಟ್ಟಿ ಯಾವ ಯಾವ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತೋ ನಮಗೆ ಗೊತ್ತಿಲ್ಲ.

ನಮ್ಮ ಕೋರಿಕೆ ಬಹಳ ದೊಡ್ಡದೇನಲ್ಲ. ಹಿಂದಿನ ದಿನವೇ ತಿಳಿಸಿ. ನಾವು ಮನೆಯಲ್ಲಿರುವ ಹೊತ್ತಿಗೆ ಬನ್ನಿ. ಬರುವವರೆಲ್ಲ ಒಟ್ಟಿಗೆ ಶನಿವಾರವೋ ಭಾನುವಾರವೋ ಒಂದು ಗೊತ್ತಾದ ಅವಧಿಯಲ್ಲಿ ಬಂದರೆ ಇನ್ನೂ ಒಳ್ಳೆಯದು. ‘ಯಾವಾಗ ಖಾಲಿ ಮಾಡುತ್ತೀರಿ?’ ಎಂದು ಕೊಳ್ಳಲು ಬಂದವರು ನಮ್ಮನ್ನು ಕೇಳಬೇಡಿ, ಅದು ನಮ್ಮ ಮತ್ತು ಮಾಲೀಕರ ನಡುವಿನ ಮಾತು. ಮನೆಯಲ್ಲಿ ನೀರು ಹೇಗೆ, ಮಳೆಗಾಲದಲ್ಲಿ ಸೋರುತ್ತದೆಯೇ ಎಂದು ಕೇಳಿದರೆ ನಾವು ಇದ್ದದ್ದನ್ನು ಹೇಳುತ್ತೇವೆ. ಆದರೆ ಮಾಲೀಕರ ಎದುರಿನಲ್ಲೇ ಕೇಳಿ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ವಕೀಲೆ, ಬೆಂಗಳೂರು

ಬಾಡಿಗೆದಾರರ ಮಾತಿಗೆ ಒಂದು ತಿದ್ದುಪಡಿಯನ್ನು ಗೌರವದಿಂದಲೇ ಸೇರಿಸಬೇಕು. ಖಾಲಿ ಮಾಡುವ ದಿನಾಂಕದ ಬಗ್ಗೆ ಅವರನ್ನು ಪೀಡಿಸಬಾರದು ಎಂಬುದು ಸರಿ. ಆದರೆ ಅವರು ಯಾವ ಕರಾರಿನ ಮೇಲೆ ಇದ್ದಾರೆ ಎಂಬುದನ್ನು ಕೊಳ್ಳುವವರು ವಿಚಾರಿಸಲೇಬೇಕು. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ, ಸ್ವತ್ತಿನಲ್ಲಿ ವಾಸ್ತವವಾಗಿ ಯಾರು ಸ್ವಾಧೀನದಲ್ಲಿದ್ದಾರೋ ಅವರ ಹಕ್ಕು ಕೊಳ್ಳುವವನಿಗೆ ತಿಳಿದಿತ್ತು ಎಂದೇ ಭಾವಿಸಲಾಗುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಆಮೇಲೆ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆಯ ಬದಲು ಹಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟು ಭೋಗ್ಯಕ್ಕೆ ಇರುವವರು ಬಹಳ ಮಂದಿ ಇದ್ದಾರೆ. ಆ ಹಣವನ್ನು ಅವರಿಗೆ ಹಿಂದಿರುಗಿಸುವವರು ಯಾರು ಎಂಬುದು ಕ್ರಯಕ್ಕೆ ಮೊದಲೇ ಇತ್ಯರ್ಥವಾಗಬೇಕು. ಆದ್ದರಿಂದ ಮಾಲೀಕರ ಒಪ್ಪಿಗೆ ಪಡೆದು, ಬೇರೆಯಾಗಿ ಸಮಯ ಕೇಳಿ, ಬಾಡಿಗೆಯಲ್ಲಿರುವವರ ಜೊತೆ ಕುಳಿತು ಮಾತನಾಡುವುದು ಸೌಜನ್ಯವೂ ಹೌದು, ಜಾಣತನವೂ ಹೌದು. ಮೊದಲೇ ತಿಳಿಸಬೇಕೆಂಬ ಅವರ ಕೋರಿಕೆಯೂ ನ್ಯಾಯವಾದದ್ದೇ. ಕೇಂದ್ರ ಸರ್ಕಾರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯಿದೆಯೂ ಮನೆಯೊಳಗೆ ಬರುವ ಮೊದಲು ಮಾಲೀಕನೇ ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕೆನ್ನುತ್ತದೆ. ಮಾದರಿ ಕಾಯಿದೆಯನ್ನು ಜಾರಿಗೆ ತರುವುದು ಆಯಾ ರಾಜ್ಯಗಳಿಗೆ ಬಿಟ್ಟದ್ದು, ಆದರೂ ಅಳತೆಗೋಲಾಗಿ ಅದನ್ನು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ ಕೇಳಲು ಕೊಳ್ಳುವವರು ಹೆದರಬೇಕಾಗಿಲ್ಲ. ಅದೇ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಂ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಮಾರುವವನು ತಿಳಿಸಬೇಕು, ಕೇಳಿದಾಗ ತನ್ನ ಬಳಿಯಿರುವ ಹಕ್ಕುಪತ್ರಗಳನ್ನು ಪರಿಶೀಲನೆಗೆ ತೋರಿಸಬೇಕು, ಸ್ವತ್ತಿನ ಬಗ್ಗೆ ಸಂಬಂಧಪಟ್ಟ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಉತ್ತರಿಸಬೇಕು. ‘ಸಂಬಂಧಪಟ್ಟ’ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ಮನೆಯ ಮೇಲೆ ಸಾಲವಿದೆಯೇ, ವ್ಯಾಜ್ಯವಿದೆಯೇ, ಸಹಿ ಹಾಕಬೇಕಾದ ವಾರಸುದಾರರು ಎಷ್ಟು ಮಂದಿ, ಇವೆಲ್ಲ ಸಂಬಂಧಪಟ್ಟ ಪ್ರಶ್ನೆಗಳು. ಮಗ ಸೊಸೆ ಏಕೆ ಜೊತೆಯಲ್ಲಿಲ್ಲ, ಮಾರಿದ ಹಣವನ್ನು ಯಾರು ಯಾರು ಹಂಚಿಕೊಳ್ಳುತ್ತೀರಿ, ನಿಮ್ಮದು ಯಾವ ಜಾತಿ, ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ, ಇವುಗಳಿಂದ ಹಕ್ಕಿನ ವಿಷಯದಲ್ಲಿ ಏನೂ ತಿಳಿಯುವುದಿಲ್ಲ.

ಕಾಗದಪತ್ರಗಳ ಬಗ್ಗೆ ಒಂದು ಎಚ್ಚರಿಕೆ. ಮೊದಲ ಭೇಟಿಯಲ್ಲಿಯೇ ಮೂಲ ಕ್ರಯಪತ್ರವನ್ನು ತೆಗೆಸಿ ಮೊಬೈಲಿನಲ್ಲಿ ಪುಟಪುಟದ ಚಿತ್ರ ತೆಗೆದುಕೊಳ್ಳುವುದು ಸರಿಯಲ್ಲ. ಸಹಿ, ಹೆಬ್ಬೆಟ್ಟಿನ ಗುರುತು, ಆಧಾರ್ ಪ್ರತಿ, ಇವು ಅಪರಿಚಿತರ ಕೈಗೆ ಸಿಕ್ಕಿ ನಕಲಿ ವ್ಯಕ್ತಿಯನ್ನು ನಿಲ್ಲಿಸಿ ಸ್ವತ್ತು ಮಾರಿದ ಪ್ರಕರಣಗಳು ನ್ಯಾಯಾಲಯಗಳಲ್ಲಿವೆ. ಕೊಳ್ಳುವ ಮನಸ್ಸು ಗಟ್ಟಿಯಾದ ಮೇಲೆ ಜೆರಾಕ್ಸ್ ಪ್ರತಿ ಕೇಳಿ. ಮಾಲೀಕರು ಪ್ರತಿ ಪುಟದ ಮೇಲೆ ‘ಪರಿಶೀಲನೆಗಾಗಿ ಮಾತ್ರ’ ಎಂದು ಬರೆದು, ಯಾರಿಗೆ ಕೊಟ್ಟದ್ದೆಂದು ದಿನಾಂಕದೊಡನೆ ನಮೂದಿಸಿ ಕೊಟ್ಟರೆ ಕೊಳ್ಳುವವರು ಅದನ್ನು ಅವಮಾನವೆಂದು ಎಣಿಸಬಾರದು.

ಮಧ್ಯವರ್ತಿ, ವಿಜಯನಗರ

ನಮ್ಮ ವೃತ್ತಿಯವರ ಮೇಲೆ ಬಂದ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಗೇಟಿನ ಬಳಿ ನಿಂತು ಫೋನ್ ಮಾಡುವುದು ತಪ್ಪು. ಆದರೆ ಹಲವು ಸಲ ಕೊಳ್ಳುವವರೇ ನಮಗೆ ಸರಿಯಾದ ಸಮಯ ಕೊಡುವುದಿಲ್ಲ. ಒಂದೇ ಭಾನುವಾರದಲ್ಲಿ ಏಳೆಂಟು ಮನೆ ನೋಡಬೇಕೆನ್ನುತ್ತಾರೆ, ಮೊದಲನೆಯ ಮನೆಯಲ್ಲಿ ತಡವಾದರೆ ಕೊನೆಯ ಮನೆಯವರು ಸಂಜೆಯವರೆಗೆ ಕಾಯುತ್ತಾರೆ. ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮನೆ ನೋಡಿದರೆ ಯಾವ ಮನೆಯಲ್ಲಿ ಏನಿತ್ತೆಂದು ಅವರಿಗೇ ನೆನಪಿರುವುದಿಲ್ಲ.

ಮೇಡಂ ಅವರ ತಾಯಿಯ ವಿಷಯಕ್ಕೆ ಬರುತ್ತೇನೆ. ಬಸವನಗುಡಿ, ಜಯನಗರ, ಮಲ್ಲೇಶ್ವರಗಳ ಹಳೆಯ ಮನೆಗಳನ್ನು ಕೇಳಿಕೊಂಡು ಬರುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಸೈಟು ಮಾತ್ರ. ಅವರು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಉದ್ದೇಶವಿದ್ದರೆ ನಮಗೆ ಮೊದಲೇ ತಿಳಿಸಬೇಕು. ಅಂಥವರಿಗೆ ಬೇಕಾದದ್ದು ನಾಲ್ಕು ಕಡೆಯ ಅಳತೆ, ರಸ್ತೆಯ ಅಗಲ, ಅಕ್ಕಪಕ್ಕದ ಕಟ್ಟಡಕ್ಕೆ ಬಿಟ್ಟ ಜಾಗ, ಒಳಚರಂಡಿಯ ಮ್ಯಾನ್‌ಹೋಲ್ ಎಲ್ಲಿದೆ, ವಿದ್ಯುತ್ ಕಂಬ ಎಲ್ಲಿದೆ ಎಂಬುದಷ್ಟೆ. ಇದಕ್ಕೆ ಟೇಪು ಹಿಡಿದು ಹೊರಗಿನಿಂದ ಒಂದು ಸುತ್ತು ಬಂದರೆ ಸಾಕು. ಕೆಡವಲಿರುವ ಮನೆಯ ಮಲಗುವ ಕೋಣೆಯನ್ನೂ ಅಡುಗೆಮನೆಯನ್ನೂ ನೋಡುವ ಅಗತ್ಯವೇ ಇಲ್ಲ, ಕೆಡವುವ ಮಾತನ್ನು ಅಲ್ಲಿ ವಾಸವಾಗಿರುವವರ ಎದುರು ಆಡುವ ಅಗತ್ಯ ಮೊದಲೇ ಇಲ್ಲ. ಮೇಡಂ, ಇನ್ನು ಮುಂದೆ ಯಾರೇ ಫೋನ್ ಮಾಡಿದರೂ ‘ವಾಸಕ್ಕೋ, ಕಟ್ಟುವುದಕ್ಕೋ?’ ಎಂದು ಮೊದಲು ಕೇಳಿ. ಕಟ್ಟುವುದಕ್ಕೆ ಎಂದವರನ್ನು ಅಂಗಳದವರೆಗೆ ಮಾತ್ರ ಕರೆಯಿರಿ.

ಮನೆಮಗಳು, ಬಸವನಗುಡಿ

ಈ ಸಲಹೆ ನನಗೆ ಹೊಳೆದೇ ಇರಲಿಲ್ಲ, ತುಂಬಾ ಧನ್ಯವಾದಗಳು. ಅಮ್ಮನ ಬಳಿ ಹೇಳಿದಾಗ ಸ್ವಲ್ಪ ಸಮಾಧಾನಗೊಂಡು, ‘ವಾಸಕ್ಕೆ ಬರುವವರಾದರೆ ನಾನೇ ತೋರಿಸುತ್ತೇನೆ’ ಎಂದರು. ಬೆಲೆಯ ಮಾತಿನ ಬಗ್ಗೆಯೂ ಒಂದು ಪ್ರಶ್ನೆ ಇದೆ. ವ್ಯವಹಾರವನ್ನು ನಾನೂ ನನ್ನ ಅಣ್ಣನೂ ನೋಡಿಕೊಳ್ಳುತ್ತೇವೆಂದು ಹೇಳಿದ ಮೇಲೂ ಬಂದವರು ಅಪ್ಪನನ್ನು ಒಬ್ಬರೇ ಇರುವಾಗ ಹಿಡಿದು, ‘ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ ಹೇಳಿಬಿಡಿ ಅಂಕಲ್’ ಎಂದು ಒತ್ತಾಯಿಸುತ್ತಾರೆ. ಇದನ್ನು ತಡೆಯುವುದು ಹೇಗೆ?

ಹುಬ್ಬಳ್ಳಿ ಮೂಲದ ಖರೀದಿದಾರ

ಇದು ನೇರವಾಗಿ ತಪ್ಪು, ಚೌಕಾಸಿ ಮಾಡುವುದು ಕೊಳ್ಳುವವರ ಹಕ್ಕಾದರೂ ತಪ್ಪೇ. ಬೆಲೆಯನ್ನು ಯಾರ ಜೊತೆ ಮಾತನಾಡಬೇಕೆಂದು ಮನೆಯವರು ಹೇಳಿದ್ದಾರೋ ಅವರ ಜೊತೆಯೇ ಮಾತನಾಡಬೇಕು. ವಯಸ್ಸಾದವರ ಬಾಯಿಯಿಂದ ಒಂದು ಅಂಕಿ ಹೊರಡಿಸಿ, ‘ನಿಮ್ಮ ತಂದೆಯೇ ಒಪ್ಪಿದ್ದಾರೆ’ ಎಂದು ಮಕ್ಕಳ ಮುಂದೆ ಹೇಳುವುದರಿಂದ ನಂಬಿಕೆ ಕೆಡುತ್ತದೆ, ನಂಬಿಕೆ ಕೆಟ್ಟ ಮೇಲೆ ವ್ಯವಹಾರ ಮುಂದುವರಿಯುವುದಿಲ್ಲ. ಬೆಲೆ ಇಳಿಸುವುದಕ್ಕೆಂದು ಮನೆಯನ್ನು ಹೀಗಳೆಯುವುದೂ ಅಷ್ಟೇ ವ್ಯರ್ಥ. ತಾರಸಿಗೆ ನೀರು ಸೋರದಂತೆ ಮಾಡಿಸಲು ಇಷ್ಟು, ವೈರಿಂಗ್ ಬದಲಿಸಲು ಇಷ್ಟು ಖರ್ಚು ಬರುತ್ತದೆಂದು ಎಂಜಿನಿಯರ ವರದಿಯನ್ನು ಮುಂದಿಟ್ಟು ಕೇಳಿದರೆ ಮಾರುವವರಿಗೂ ಒಪ್ಪುವುದು ಸುಲಭ. ನಾನು ಕೊಂಡ ಮನೆಯಲ್ಲಿ ಬೆಲೆ ಇಳಿದದ್ದು ಹಾಗೆಯೇ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮನೆ ಬೇಡವೆನಿಸಿದರೆ ಹಾಗೆಂದು ಹೇಳಬೇಕು. ‘ಮನೆಯಲ್ಲಿ ಮಾತನಾಡಿ ತಿಳಿಸುತ್ತೇವೆ’ ಎಂದು ಹೋದವರು ಫೋನನ್ನೇ ಎತ್ತದಿದ್ದರೆ, ಅವರ ಉತ್ತರಕ್ಕಾಗಿ ಮಾರುವವರು ಬೇರೆಯವರನ್ನು ತಡೆದು ನಿಲ್ಲಿಸಿರುತ್ತಾರೆ. ಎದುರಿಗೆ ಬೇಡವೆನ್ನಲು ದಾಕ್ಷಿಣ್ಯವಾಗುವುದಾದರೆ ಎರಡು ಸಾಲಿನ ಸಂದೇಶ ಸಾಕು: ‘ಮನೆ ಚೆನ್ನಾಗಿದೆ, ನಮಗೆ ಹೊಂದುತ್ತಿಲ್ಲ, ಸಮಯ ಕೊಟ್ಟದ್ದಕ್ಕೆ ವಂದನೆಗಳು.’ ಕಾರಣ ವಿವರಿಸಬೇಕಾಗಿಲ್ಲ. ಆಷಾಢ ಕಳೆದ ಮೇಲೆ ನಿರ್ಧರಿಸುವುದಾದರೆ ಅದನ್ನೂ ತಿಳಿಸಿಬಿಡಬೇಕು, ಅಷ್ಟು ದಿನ ಕಾಯುವುದೋ ಬಿಡುವುದೋ ಮಾರುವವರ ಇಷ್ಟ.

ನಿವೃತ್ತ ಉಪಾಧ್ಯಾಯಿನಿ, ಮೈಸೂರು

ವಾಸ್ತುವಿನ ವಿಷಯವನ್ನು ಯಾರಾದರೂ ಎತ್ತುತ್ತಾರೆಂದು ಕಾಯುತ್ತಿದ್ದೆ. ನಂಬುವವರು ನೋಡಿಸಲಿ, ಅದು ಅವರವರ ನಂಬಿಕೆ, ನಾನೂ ನಂಬುವವಳೇ. ಆದರೆ ನಂಬಿಕೆಯ ಮಾತನ್ನು ಎಲ್ಲಿ ಆಡಬೇಕೆಂಬ ವಿವೇಕ ಬೇಕು. ನಮ್ಮ ಪಕ್ಕದ ಮನೆಯಾಕೆ ಗಂಡನನ್ನು ಕಳೆದುಕೊಂಡ ವರ್ಷವೇ ಮನೆ ಮಾರಬೇಕಾಯಿತು. ಕೊಳ್ಳಲು ಬಂದವರ ಜೊತೆಯಲ್ಲಿದ್ದ ವಾಸ್ತು ನೋಡುವವರೊಬ್ಬರು ದಿಕ್ಸೂಚಿ ಹಿಡಿದು ಹಜಾರದ ನಡುವೆ ನಿಂತು, ‘ನೈಋತ್ಯ ಕೆಟ್ಟಿದೆ, ಈ ಮನೆಯಲ್ಲಿ ಯಜಮಾನ ಉಳಿಯುವುದಿಲ್ಲ’ ಎಂದು ಆಕೆಯ ಮುಂದೆಯೇ ಹೇಳಿದರು. ಅಂದಿನಿಂದ ಆಕೆ ಆ ಮಾತನ್ನು ಎಷ್ಟು ಸಲ ನನ್ನ ಬಳಿ ಹೇಳಿಕೊಂಡು ಅತ್ತಿದ್ದಾರೋ! ಮನೆಯ ನಕ್ಷೆಯನ್ನು ದಿಕ್ಕಿನ ಗುರುತಿನೊಡನೆ ಮೊದಲೇ ತರಿಸಿಕೊಂಡು ತಮ್ಮ ಮನೆಯಲ್ಲೇ ತೋರಿಸಿಕೊಳ್ಳಬಹುದಿತ್ತಲ್ಲವೇ? ಕರೆದುಕೊಂಡೇ ಬರಬೇಕೆಂದರೆ, ಮನೆಯೊಳಗೆ ಏನೂ ಹೇಳಕೂಡದೆಂದು ಅವರಿಗೆ ಮೊದಲೇ ತಿಳಿಸಿ ಕರೆತನ್ನಿ.

ದೇವರ ಮನೆಯನ್ನು ಬಾಗಿಲಿನಿಂದ ನೋಡಿದರೆ ಸಾಕು. ಮನೆಯವರು ಕಾಫಿ ಕೊಟ್ಟರೆ ಕುಡಿಯಿರಿ, ಕುಡಿದ ಮಾತ್ರಕ್ಕೆ ಮನೆ ಕೊಳ್ಳಲೇಬೇಕೆಂಬ ಋಣವೇನೂ ಬೀಳುವುದಿಲ್ಲ. ಬೇಡವಾದರೆ ಒಂದು ಲೋಟ ನೀರನ್ನಾದರೂ ತೆಗೆದುಕೊಳ್ಳಿ.

ಅನಿವಾಸಿ ಕನ್ನಡಿಗ, ನ್ಯೂಜೆರ್ಸಿ

ಇಲ್ಲಿ ಅಮೆರಿಕದಲ್ಲಿ ಮನೆ ತೋರಿಸುವ ಹೊತ್ತಿಗೆ ಮಾಲೀಕರು ಸಾಮಾನ್ಯವಾಗಿ ಹೊರಗೆ ಹೋಗಿಬಿಡುತ್ತಾರೆ, ಏಜೆಂಟರು ಬಾಗಿಲು ತೆಗೆದು ತೋರಿಸುತ್ತಾರೆ. ಆದ್ದರಿಂದ ಕೊಳ್ಳುವವರು ಒಳಗೆ ಕೊಂಚ ಬಿಡುಬೀಸಾಗಿ ಮಾತನಾಡುತ್ತಾರೆ. ಅದೇ ರೂಢಿಯಲ್ಲಿ ಊರಿಗೆ ಬಂದು ಮನೆ ನೋಡುವ ನಮ್ಮಂಥವರು, ಅಲ್ಲಿ ಮನೆಯವರು ಅಡುಗೆಮನೆಯಲ್ಲೋ ಹಜಾರದಲ್ಲೋ ಇದ್ದೇ ಇರುತ್ತಾರೆಂಬುದನ್ನು ಮರೆಯಬಾರದು. ವಿದೇಶದಲ್ಲಿದ್ದುಕೊಂಡು ವಿಡಿಯೊ ಕರೆಯ ಮೂಲಕ ನೋಡುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಕರೆ ಹಚ್ಚುವ ಮೊದಲೇ ನನ್ನ ತಮ್ಮ ಮನೆಯವರ ಒಪ್ಪಿಗೆ ಕೇಳುತ್ತಾನೆ. ಕ್ಯಾಮೆರಾವನ್ನು ಗೋಡೆ, ನೆಲ, ಕಿಟಕಿಗಳ ಕಡೆಗೆ ಹಿಡಿಯುತ್ತಾನೆಯೇ ಹೊರತು ಮನುಷ್ಯರ ಕಡೆಗಲ್ಲ. ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಅವರಿಗೆ ತಿಳಿದಿರುತ್ತದೆ. ಸಮಯದ ವಿಷಯವೂ ಇದೆ. ನಮಗೆ ಅನುಕೂಲವಾದ ಬೆಳಗಿನ ಹೊತ್ತು ಅಲ್ಲಿ ದೀಪ ಹಚ್ಚುವ ಹೊತ್ತು. ಇಳಿವಯಸ್ಸಿನ ದಂಪತಿಗೆ ತೊಂದರೆ ಕೊಡುವುದಕ್ಕಿಂತ ನಾವೇ ಒಂದು ರಾತ್ರಿ ಎಚ್ಚರವಾಗಿದ್ದು ಅವರ ಬೆಳಗಿನ ಹೊತ್ತಿನಲ್ಲಿ ನೋಡುವುದು ಮೇಲು, ಮನೆಯೊಳಗಿನ ಬೆಳಕೂ ಆಗ ಸರಿಯಾಗಿ ಕಾಣುತ್ತದೆ.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಜೆ.ಪಿ. ನಗರ

ಫ್ಲ್ಯಾಟ್ ನೋಡಲು ಬರುವವರಿಗೂ ಎರಡು ಮಾತು. ಸಂದರ್ಶಕರಿಗಿರುವ ಜಾಗದಲ್ಲಿಯೇ ವಾಹನ ನಿಲ್ಲಿಸಿ, ಕಾವಲುಗಾರರಿಗೆ ಹೆಸರು ಮತ್ತು ಫ್ಲ್ಯಾಟ್ ಸಂಖ್ಯೆ ಹೇಳಿ ಬನ್ನಿ; ಅವರು ಕೇಳುವುದು ಅವರ ಕರ್ತವ್ಯ. ನಿರ್ವಹಣಾ ಶುಲ್ಕದ ಬಾಕಿ, ಸಂಘದ ನಿಧಿ, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬೇಕಾಗುತ್ತದೆ, ಕಟ್ಟಡದಲ್ಲಿ ವಾಸಿಸಬಹುದೆಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ (ಓ.ಸಿ.) ಇದೆಯೇ ಎಂಬುದನ್ನು ಫ್ಲ್ಯಾಟಿನ ಮಾಲೀಕರ ಒಪ್ಪಿಗೆಯೊಡನೆ ಸಂಘದ ಕಚೇರಿಯಲ್ಲಿ ಕೇಳಿದರೆ ದಾಖಲೆ ನೋಡಿ ಹೇಳುತ್ತೇವೆ. ಲಿಫ್ಟಿನಲ್ಲಿ ಸಿಕ್ಕಿದ ನಿವಾಸಿಗಳನ್ನು ತಡೆದು, ‘ಆ ಮನೆಯವರು ಏಕೆ ಮಾರುತ್ತಿದ್ದಾರೆ, ಇಲ್ಲಿ ಎಂಥ ಜನ ಇದ್ದಾರೆ’ ಎಂದು ವಿಚಾರಣೆ ನಡೆಸಬೇಡಿ.

ಮನೆಮಗಳು, ಬಸವನಗುಡಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಮನೆ ತೋರಿಸುವುದೆಂದೂ ಮಹಡಿಯವರಿಗೆ ಹಿಂದಿನ ದಿನವೇ ತಿಳಿಸುವುದೆಂದೂ ಗೊತ್ತುಮಾಡಿದ್ದೇವೆ. ವಕೀಲರಲ್ಲಿ ಒಂದು ಪ್ರಶ್ನೆ ಉಳಿದಿದೆ. ಅಡ್ವಾನ್ಸ್ ಕೊಟ್ಟು ಕರಾರು ಆದ ಮೇಲೆ, ನೋಂದಣಿಗೆ ಮೊದಲು, ಕೊಳ್ಳುವವರು ಎಷ್ಟು ಸಲ ಬೇಕಾದರೂ ಬರಬಹುದೇ? ಹಾಗೆ ಕರಾರಾದ ಮೇಲೆ ಪರಿಚಯದವರೊಬ್ಬರ ಮನೆಗೆ ಬಡಗಿ, ಬಣ್ಣದವರು, ಒಳಾಂಗಣ ವಿನ್ಯಾಸದವರು ದಿನವೂ ಬರತೊಡಗಿದರಂತೆ.

ವಕೀಲೆ, ಬೆಂಗಳೂರು

ಬರಬಾರದು. ಕ್ರಯದ ಕರಾರು ಮಾತ್ರದಿಂದ ಸ್ವತ್ತಿನಲ್ಲಿ ಕೊಳ್ಳುವವರಿಗೆ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯಿದೆಯ 54ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಿ ಕೀಲಿಕೈ ಕೈಗೆ ಬರುವವರೆಗೆ ಅದು ಮಾರುವವರ ಮನೆ, ಅಡ್ವಾನ್ಸ್ ಎಷ್ಟೇ ದೊಡ್ಡದಿದ್ದರೂ ಕೊಳ್ಳುವವರು ಅಲ್ಲಿ ಅತಿಥಿಗಳೇ. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಒಮ್ಮೆ ಬರುವುದು ಅನಿವಾರ್ಯ. ಒಳಾಂಗಣದ ಅಳತೆಗೆ ಒಂದು ಸಲ, ನೋಂದಣಿಯ ಹಿಂದಿನ ದಿನ ಕೊನೆಯ ಪರಿಶೀಲನೆಗೆ ಒಂದು ಸಲ, ಹೀಗೆ ಕರಾರಿನಲ್ಲಿಯೇ ಬರೆದುಕೊಂಡುಬಿಡಿ. ಆ ಕೊನೆಯ ಪರಿಶೀಲನೆಯಲ್ಲಿ ಜಗಳ ಬರುವುದು ಸಾಮಾನ್ಯವಾಗಿ ಸಣ್ಣ ವಸ್ತುಗಳಿಗೆ: ಫ್ಯಾನುಗಳು, ಗೀಸರ್, ಯುಪಿಎಸ್, ನೀರಿನ ಮೋಟಾರು, ಸೌರ ಹೀಟರು, ಕಿಟಕಿಯ ಪರದೆಯ ಸರಳು. ಯಾವುದು ಮನೆಯ ಜೊತೆಗೆ ಉಳಿಯುತ್ತದೆ, ಯಾವುದನ್ನು ನಿಮ್ಮ ತಂದೆತಾಯಿ ಒಯ್ಯುತ್ತಾರೆ ಎಂಬುದನ್ನು ಕರಾರಿನ ಅನುಬಂಧದಲ್ಲಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ವಿದ್ಯುತ್ ಮತ್ತು ನೀರಿನ ಬಿಲ್ಲು ಯಾವ ದಿನಾಂಕದವರೆಗೆ ಯಾರದು ಎಂಬುದನ್ನೂ ಸಂಪರ್ಕದ ಗುರುತಿನ ಸಂಖ್ಯೆಯಾದ ಆರ್.ಆರ್. ಸಂಖ್ಯೆಯೊಡನೆ ಅಲ್ಲಿಯೇ ಬರೆಯಿರಿ. ಕರಡು ಸಿದ್ಧವಾದಾಗ ಮಹಡಿಯವರ ಮುಂಗಡ ಹಣದ ವಿವರವನ್ನು ಸೇರಿಸಲು ಮರೆಯಬೇಡಿ.